ಸೂಜಿಯ ಕೆಲಸವು ಕಲೆಯೆನಿಸುವದೋ?

ಬೀದರಿನಿಂದ ಔರಾದಿಗೆ ಹೋಗುವ ದಾರಿಯಲ್ಲಿರುವ ಸಂತಪುರದ ಸುತ್ತಣ ಹಳ್ಳಿಗಳಲ್ಲೊಂದರ ಸಭೆಯಲ್ಲಿ ನಡೆದ ಒಂದು ಚಿಕ್ಕ ಸಂಗತಿಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ. ಚಿಕ್ಕದೆಂದು ಹೇಳಿದೆವು, ಆದರೆ ಅದು ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ನೆಟ್ಟುಕೊಂಡು ಬಹು ದಿವಸಗಳಾದವು.

ಸುಗ್ಗಿಯ ಸ್ತೋತ್ರಾರಾಧನೆಯ ದಿನ ವಿಶ್ವಾಸಿಗಳು ಜೋಳ, ತೊಗರಿ, ಉದ್ದು, ಕೋಳಿ, ತತ್ತಿ ಮೊದಲಾದ ಕಾಣಿಕೆಗಳನ್ನು ತಂದು ಸಮರ್ಪಿಸಿದರು. ಅವರೊಳಗೆ ವಿಧವೆಯಾದ ಒಬ್ಬ ಮುದುಕಿಯು ಮಡಿಚಿದ ಒಂದು ಕೌದಿಯನ್ನು ತಂದಳು. ಹೊಲವಿಲ್ಲದವಳಾದ್ದರಿಂದ ಆಕೆಗೆ ತರುವದಕ್ಕೆ ಧಾನ್ಯವಿರಲಿಲ್ಲ. ಬೇಸಿಗೆಯೆಲ್ಲಾ ಕುಳಿತು ಹೊಲಿದ ಆ ಕೌದಿಯನ್ನು ಕರ್ತನ ಮೇಜಿನ ಮೇಲೆ ಹಾಸಬೇಕೆಂಬದು ಆಕೆಯ ಆಶೆಯಾಗಿತ್ತು. ಆರಾಧನೆಯು ತೀರಿದ ಮೇಲೆ ಹಿರಿಯರು ಕೂಡಿ ಆಲೋಚಿಸಿದರು. ಕೌದಿಯು ಹಾಸಿಕೊಳ್ಳುವ ಹೊದ್ದುಕೊಳ್ಳುವ ವಸ್ತುವಲ್ಲವೇ, ಅದನ್ನು ಪರಿಶುದ್ಧ ಮೇಜಿನ ಮೇಲೆ ಹಾಸುವದು ಹ್ಯಾಗೆ ಎಂದು ಒಬ್ಬರು ಕೇಳಿದರು. ಬಿದರಿ ಕೆಲಸದ ಹೂದಾನಿಯನ್ನು ಯಾರಾದರೂ ಕೊಟ್ಟಿದ್ದರೆ ಬೇರೆ ಮಾತು, ಅದು ಕಲೆ, ಇದು ಮನೆಗೆಲಸ ಎಂದು ಇನ್ನೊಬ್ಬರು ಅಂದರು. ನಾವೂ ಅಲ್ಲಿ ಕುಳಿತಿದ್ದೆವು. ಪೇಟೆಯಿಂದ ಒಂದು ಒಳ್ಳೆಯ ಬಟ್ಟೆಯನ್ನು ತರಿಸಿದರೆ ಯಾರ ಮಾತಿಗೂ ಆಸ್ಪದವಿರದು ಎಂದು ಸೂಚಿಸಿದವರು ನಾವೇ. ಅದರಂತೆ ಜರಿಯ ಅಂಚುಳ್ಳ ಬಿಳಿಯ ಸಾಟಿನ್ ಬಟ್ಟೆಯು ಬಂದಿತು. ಕೌದಿಯು ಸಂಡೇಸ್ಕೂಲಿನ ಮಕ್ಕಳು ಕೂಡ್ರುವದಕ್ಕೆ ಹೋಯಿತು. ಮುದುಕಿಯು ಒಂದು ಮಾತನ್ನೂ ಆಡಲಿಲ್ಲ.

ಆ ದಿನ ನಾವು ಕೊಟ್ಟ ತೀರ್ಪಿಗೆ ಆಧಾರವೇನು? ಬೆಳ್ಳಿಯ ತಂತಿಯನ್ನು ಲೋಹದಲ್ಲಿ ಕೂಡ್ರಿಸಿದರೆ ಕಲೆ, ಹತ್ತಿಯ ದಾರವನ್ನು ಬಟ್ಟೆಯಲ್ಲಿ ಕೂಡ್ರಿಸಿದರೆ ಕೆಲಸ, ಎಂದು ನಮಗೆ ಕಲಿಸಿದವರು ಯಾರು?

ಕೌದಿಯು ಹ್ಯಾಗಾಗುವದೆಂದು ನಮ್ಮ ವಾಚಕರಿಗೆ ಹೇಳಬೇಕಾದದ್ದಿಲ್ಲ. ನಮ್ಮಲ್ಲಿ ಬಹು ಮಂದಿ ಅದರ ಮೇಲೆಯೇ ಹುಟ್ಟಿ ಅದರ ಕೆಳಗೆಯೇ ಬೆಳೆದವರು. ಆದರೂ ದಿನಾಲು ಕಣ್ಣಿಗೆ ಬೀಳುವ ವಸ್ತುವನ್ನು ಮನುಷ್ಯನು ನೋಡುವದೇ ಇಲ್ಲವಾದಕಾರಣ ಒಂದು ಸಾರಿ ನಿಧಾನವಾಗಿ ನೋಡೋಣ. ಸವೆದ ಸೀರೆ, ಹರಿದ ಧೋತರ, ಮಕ್ಕಳ ಅಂಗಿ, ಕುಬಸದ ತುಂಡು, ಇವನ್ನೆಲ್ಲಾ ಒಗೆದು ಒಣಗಿಸಿ ಗಂಟು ಕಟ್ಟಿಡುವರು. ಹೊಲದ ಕೆಲಸ ತೀರಿ ಬಿಡುವು ಬಂದಾಗ ಅಂಗಳದಲ್ಲಿ ಒಂದು ಹಳೆಯ ಸೀರೆಯನ್ನು ಹಾಸಿ, ಅದರ ಮೇಲೆ ಪದರು ಪದರಾಗಿ ಅರಿವೆಗಳನ್ನಿಟ್ಟು, ಮೇಲ್ಗಡೆಗೆ ಬಣ್ಣಬಣ್ಣದ ತುಂಡುಗಳನ್ನು ಹೊಂದಿಸಿ, ದೊಡ್ಡ ಸೂಜಿಯಿಂದ ಸಾಲುಸಾಲಾಗಿ ಹೊಲಿಯುತ್ತಾ ಹೋಗುವರು. ಆ ಹೊಲಿಗೆಯು ಪದರುಗಳನ್ನೆಲ್ಲಾ ಒಂದಾಗಿ ಹಿಡಿಯುವದು. ಚಳಿಗೆ ಇಷ್ಟೇ ಸಾಕು. ಚಳಿಯು ಬಣ್ಣವನ್ನು ನೋಡುವದಿಲ್ಲ.

ಆದರೆ ಆ ಮುದುಕಿಯ ಕೌದಿಯಲ್ಲಿ ಚಳಿಗೆ ಬೇಕಾದದ್ದಕ್ಕಿಂತ ಹೆಚ್ಚಿನದು ಇತ್ತು. ಅಂಚಿನ ಸುತ್ತಲೂ ಕೆಂಪು ಮುಕ್ಕೋನಗಳು ಹಲ್ಲುಹಲ್ಲಾಗಿ ನಿಂತಿದ್ದವು. ಅವುಗಳೊಳಗೆ ಮಾಸಿದ ಹಳದಿ, ಅದರೊಳಗೆ ಹಸಿರು, ನಟ್ಟನಡುವೆ ಒಂದು ಬಿಳಿಯ ಚೌಕ. ಹೊಲಿಗೆಯ ಸಾಲು ಹೊರಗಿನ ಅಂಚಿನಿಂದ ಹೊರಟು, ಹೊಲದಲ್ಲಿ ನೇಗಿಲು ಸುತ್ತು ಹೊಡೆಯುತ್ತಾ ಒಳಕ್ಕೆ ಬರುವಂತೆ, ನಾಲ್ಕೂ ಕಡೆ ತಿರುಗಿ ತಿರುಗಿ ಆ ಬಿಳಿಯ ಚೌಕದ ಬಳಿಯಲ್ಲಿ ನಿಂತಿತ್ತು. ಇದನ್ನು ನಾವು ಆ ದಿನ ನೋಡಲಿಲ್ಲ. ಬಹು ದಿನಗಳ ತರುವಾಯ ಮಕ್ಕಳು ಎದ್ದುಹೋದ ಮೇಲೆ ಕೌದಿಯನ್ನು ಕೊಡವುವಾಗ ಕಂಡೆವು. ಆಗಲೇ ಇನ್ನೊಂದು ಗುರುತೂ ಕಣ್ಣಿಗೆ ಬಿತ್ತು. ಒಂದು ಮೂಲೆಯ ನೀಲಿ ತುಂಡಿನ ಸುತ್ತಲೂ ಸೂಜಿಯ ಹಳೆಯ ತೂತುಗಳು ಸಾಲಾಗಿ ಉಳಿದಿದ್ದವು. ಆಕೆಯು ಮೊದಲು ಅಲ್ಲಿ ಬೇರೊಂದು ತುಂಡನ್ನು ಹೊಲಿದು, ಅದು ಹೊಂದುವದಿಲ್ಲವೆಂದು ಕಂಡು, ಬಿಚ್ಚಿ, ನೀಲಿಯನ್ನು ತಂದು ಕೂಡ್ರಿಸಿದ್ದಳು. ಬಿಚ್ಚೆಂದು ಆಕೆಗೆ ಹೇಳಿದವರು ಯಾರು? ಆ ಮೊದಲಿನ ತುಂಡು ಇದ್ದರೂ ಕೌದಿಯ ಬೆಚ್ಚಗೆ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ.

ನಮ್ಮ ಜಿಲ್ಲೆಯ ಬಿದರಿ ಕೆಲಸವು ಲೋಕಪ್ರಸಿದ್ಧವಾದದ್ದು. ಸತುವಿನಲ್ಲಿ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬಳ್ಳಿಯನ್ನು ಕೊರೆದು, ಬೆಳ್ಳಿಯ ತಂತಿಯನ್ನೂ ತಗಡನ್ನೂ ಅದರಲ್ಲಿ ಬಡಿದು ಕೂಡ್ರಿಸಿ, ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕೂಡಿಸಿದ ನೀರಿನಲ್ಲಿ ಕಾಯಿಸುವರು. ಲೋಹವು ಕಪ್ಪಾಗುವದು, ಬೆಳ್ಳಿಯು ಬೆಳ್ಳಗೆಯೇ ಉಳಿಯುವದು. ಈ ಕಸಬಿನವರಾದ ಬೀದರಿನ ಶಾಹ ರಶೀದ ಅಹಮದ ಖಾದ್ರಿ ಎಂಬವರಿಗೆ ೨೦೨೩ರಲ್ಲಿ ಭಾರತ ಸರಕಾರವು ಪದ್ಮಶ್ರೀ ಪದವಿಯನ್ನು ಕೊಟ್ಟಿತು. ಆ ಗೌರವವು ನ್ಯಾಯವಾದದ್ದೇ. ನಾವು ಅದಕ್ಕೆ ಸಂತೋಷಪಡುತ್ತೇವೆ. ಆದರೆ ಬಿದರಿಯವನ ಕೈ ಯಾವದನ್ನು ಮಾಡುವದೋ ಕೌದಿಯವಳ ಕೈಯೂ ಅದನ್ನೇ ಮಾಡುವದು. ಇಬ್ಬರೂ ಕಪ್ಪಿನ ಪಕ್ಕಕ್ಕೆ ಬಿಳುಪನ್ನು ಎಲ್ಲಿ ಇಡಬೇಕೆಂದು ಆಲೋಚಿಸುವರು. ಇಬ್ಬರೂ ತಪ್ಪಿದ್ದನ್ನು ತೆಗೆದು ತಿದ್ದುವರು. ಭೇದವಿರುವದು ಕೈಯಲ್ಲಲ್ಲ. ಒಂದು ಬೆಳ್ಳಿಯದು, ಇನ್ನೊಂದು ಚಿಂದಿಯದು. ಒಂದು ಅಂಗಡಿಯಲ್ಲಿ ಗಾಜಿನ ಹಿಂದೆ ಕೂಡ್ರುವದು, ಇನ್ನೊಂದು ಮಗುವಿನ ಕೆಳಗೆ ಮಲಗುವದು. ಒಂದಕ್ಕೆ ಮಾಡಿದವನ ಹೆಸರುಂಟು, ಇನ್ನೊಂದನ್ನು ಮಾಡಿದವಳ ಹೆಸರನ್ನು ಆಕೆಯ ಮೊಮ್ಮಕ್ಕಳ ಮಕ್ಕಳೂ ಅರಿಯರು.

ಈ ವಿಂಗಡಣೆಯು ಆದಿಯಿಂದ ಇದ್ದದ್ದಲ್ಲ. ನಮ್ಮ ದೇಶದ ಪುರಾತನರು ಎಣಿಸಿದ ೬೪ ಕಲೆಗಳೊಳಗೆ ಹಾಡುವದು ಚಿತ್ರ ಬರೆಯುವದು ಇವುಗಳ ಜೊತೆಯಲ್ಲಿ ಸೂಜಿಯ ಕೆಲಸವೂ ಸೇರಿತ್ತು. ಯೂರೋಪಿನಲ್ಲಿಯೂ ಮಧ್ಯಯುಗದಲ್ಲಿ ಇಂಗ್ಲೆಂಡಿನ ಕಸೂತಿಯ ನಿಲುವಂಗಿಗಳನ್ನು ರೋಮಿನ ಪೋಪರು ಆಶೆಪಟ್ಟು ತರಿಸಿಕೊಳ್ಳುತ್ತಿದ್ದರು. ೧೭೪೬ರಲ್ಲಿ ಫ್ರಾನ್ಸ್ ದೇಶದ ಬಾತ್ಯೂ ಎಂಬ ಪಂಡಿತನು ಕಾವ್ಯ, ಸಂಗೀತ, ಚಿತ್ರ, ಶಿಲ್ಪ, ನೃತ್ಯ ಇವೇ ಲಲಿತಕಲೆಗಳೆಂದು ಒಂದು ಗ್ರಂಥವನ್ನು ಬರೆದನು. ಉಪಯೋಗಕ್ಕಾಗಿ ಮಾಡಿದ್ದೆಲ್ಲಾ ಬೇರೆ ಸಾಲಿಗೆ ಹೋಯಿತು. ೧೭೬೮ರಲ್ಲಿ ಲಂಡನ್ನಿನಲ್ಲಿ ರಾಯಲ್ ಅಕಾಡೆಮಿಯೆಂಬ ಕಲಾಸಂಘವು ಹುಟ್ಟಿತು. ಅದರ ಸ್ಥಾಪಕರೊಳಗೆ ಇಬ್ಬರು ಸ್ತ್ರೀಯರಿದ್ದರು. ಹೀಗಿದ್ದರೂ ಸ್ವಲ್ಪ ಕಾಲದಲ್ಲಿಯೇ ಆ ಸಂಘದವರು ಸೂಜಿಯ ಕೆಲಸವನ್ನು ತಮ್ಮ ಪ್ರದರ್ಶನದಲ್ಲಿ ಇಡಕೂಡದೆಂದು ನಿಬಂಧನೆ ಮಾಡಿದರು. ಸಂತಪುರದ ಸೀಮೆಯ ಹಿರಿಯರು ಲಂಡನ್ನಿನ ಆ ನಿಬಂಧನೆಯನ್ನು ಓದಿದವರಲ್ಲ; ಆದರೂ ಅದನ್ನೇ ತಮ್ಮ ಸ್ವಂತ ವಿವೇಕವೆಂದು ನಂಬಿ ಆಡಿದರು. ನಾವೂ ಆಡಿದೆವು.

ಹೀಗಿರಲಾಗಿ ಸತ್ಯವೇದದ ಕಡೆಗೆ ತಿರುಗೋಣ. ಒಬ್ಬ ಮನುಷ್ಯನನ್ನು ದೇವರು ತನ್ನ ಆತ್ಮದಿಂದ ತುಂಬಿಸಿ ಕೈಕೆಲಸದ ಜಾಣ್ಮೆಯನ್ನು ಕೊಟ್ಟನೆಂಬ ಮಾತು ವಿಮೋಚನಕಾಂಡದ ೩೧ನೆಯ ಅಧ್ಯಾಯದಲ್ಲಿದೆ. ಆ ಮನುಷ್ಯನು ಪ್ರವಾದಿಯಲ್ಲ, ಅರಸನಲ್ಲ, ಕುಶಲಕೆಲಸದವನಾದ ಬೆಚಲೇಲನು. ಅವನ ಜೊತೆಗಾರನಾದ ಒಹೊಲೀಯಾಬನು ನೀಲಿ, ಧೂಮ್ರ, ರಕ್ತವರ್ಣದ ದಾರಗಳಿಂದ ಕಸೂತಿ ಹಾಕುವದರಲ್ಲಿ ಪ್ರವೀಣನಾಗಿದ್ದನು. ಜಾಣೆಯರಾದ ಸ್ತ್ರೀಯರು ತಮ್ಮ ಕೈಯಿಂದಲೇ ನೂಲನ್ನು ನೂತು ತಂದರು. ಕೆಲವರು ಆಡಿನ ಕೂದಲನ್ನು ನೂತರು. ಯಾಜಕನ ನಿಲುವಂಗಿಯ ಅಂಚಿಗೆ ದಾರದ ದಾಳಿಂಬೆಗಳು ಬಂದವು. ಆ ವಸ್ತ್ರಗಳು ಗೌರವಕ್ಕೆ ಮಾತ್ರವಲ್ಲ, ಚಂದಕ್ಕಾಗಿಯೂ ಇರಬೇಕೆಂದು ದೇವರು ಆಜ್ಞಾಪಿಸಿದನು. ಚಂದವು ದೇವರಿಗೆ ಬೇಡವಾಗಿದ್ದರೆ ಅಂಚಿಗೆ ದಾಳಿಂಬೆಗಳೇಕೆ? ದಾಳಿಂಬೆಯಿಂದ ಅಂಗಿಯು ಬೆಚ್ಚಗಾಗುವದಿಲ್ಲವಲ್ಲಾ.

ಇನ್ನೊಂದು ಸಂಗತಿಯನ್ನು ನೋಡಿರಿ. ಗುಡಾರದ ಹೊದಿಕೆಗಳೊಳಗೆ ಕೆರೂಬಿಗಳ ಚಿತ್ರವುಳ್ಳ ಅತಿ ಸುಂದರವಾದ ಬಟ್ಟೆಯು ಎಲ್ಲಕ್ಕಿಂತ ಒಳಗಿತ್ತು. ಅದರ ಮೇಲೆ ಆಡಿನ ಕೂದಲಿನ ಬಟ್ಟೆ, ಅದರ ಮೇಲೆ ಚರ್ಮಗಳು. ಹೊರಗೆ ನಿಂತ ಜನಕ್ಕೆ ಕಾಣುತ್ತಿದ್ದದ್ದು ಚರ್ಮವೇ. ಒಳಗಿನ ಕೆರೂಬಿಗಳನ್ನು ಕಂಡವರು ಸೇವೆಮಾಡುವ ಯಾಜಕರು ಮಾತ್ರ. ಗೋಡೆಗೆ ತೂಗಹಾಕಿ ಜನರಿಗೆ ತೋರಿಸಿದರೆ ಮಾತ್ರ ಕಲೆಯೆನ್ನುವವರು ಆ ಬಟ್ಟೆಯನ್ನು ಯಾವ ಸಾಲಿಗೆ ಸೇರಿಸುವರೋ ನಾವರಿಯೆವು.

ಆದರೆ ಕಲೆಯೆಂದ ಮಾತ್ರಕ್ಕೆ ಪರಿಶುದ್ಧವಾಯಿತೆಂದು ಯಾರೂ ತಿಳಿಯಬಾರದು. ಬೆಚಲೇಲನ ಅಧ್ಯಾಯವು ಮುಗಿದ ಕೂಡಲೇ ಬರುವ ಅಧ್ಯಾಯ ಯಾವದು? ಚಿನ್ನದ ಬಸವನದು. ಅದನ್ನು ಎರಕ ಹೊಯ್ದು ಉಳಿಯಿಂದ ರೂಪಿಸಿದ್ದೂ ಕೈಯ ಜಾಣ್ಮೆಯೇ. ಅದಕ್ಕೆ ಸ್ತ್ರೀಯರ ಕಿವಿಯ ಒಡವೆಗಳೇ ಹೋದವು. ವಿಗ್ರಹಗಳನ್ನು ಬಿಟ್ಟುಬಂದ ನಮ್ಮ ಹಿರಿಯರು ಅಲಂಕಾರವೆಂದರೆ ಬೆದರುತ್ತಿದ್ದದ್ದು ಬುದ್ಧಿಹೀನತೆಯಿಂದಲ್ಲ. ಸುಟ್ಟುಕೊಂಡವನು ಬೆಂಕಿಗೆ ಅಂಜುವನು.

ಈ ಅಂಜಿಕೆಯು ಇಂದಿಗೂ ಒಂದು ಕಡೆ ಕೆಲಸ ಮಾಡುತ್ತಿರುವದನ್ನು ಹೇಳಲೇಬೇಕು. ಔರಾದ ತಾಲೂಕಿನಲ್ಲಿ ಲಂಬಾಣಿಗರ ತಾಂಡೆಗಳು ಬಹಳ. ಆ ತಾಂಡೆಗಳ ಮುದುಕಿಯರು ಇಂದಿಗೂ ಉಡುವ ಫೇಟಿಯಾ, ಕಾಂಚಳಿ, ತಲೆಯ ಮೇಲಿನ ಹೊದಿಕೆ, ಇವುಗಳಲ್ಲಿ ಕನ್ನಡಿಯ ಚೂರು, ಕವಡೆ, ನಾಣ್ಯ, ಕೆಂಪು ಹಳದಿ ದಾರಗಳ ಹೊಲಿಗೆಯುಂಟು. ತಾಂಡೆಯ ಸ್ತ್ರೀಯು ಕ್ರಿಸ್ತನನ್ನು ನಂಬಿದರೆ ಈ ಉಡುಪನ್ನು ಬಿಟ್ಟು ಮಿಲ್ಲಿನ ಸೀರೆಯುಡಬೇಕೆಂದು ಕೆಲವರು ಬೋಧಿಸುವರು. ಸ್ತ್ರೀಯ ಅಲಂಕಾರವು ಹೊರಗಿನದಾಗಿರದೆ ಹೃದಯದ್ದಾಗಿರಲೆಂಬ ಪೇತ್ರನ ಬುದ್ಧಿಮಾತನ್ನು ಇದಕ್ಕೆ ತೋರಿಸುವರು. ಆದರೆ ಪೇತ್ರನು ಖಂಡಿಸಿದ್ದು ಮೆರೆದಾಟವನ್ನು, ಹೊಲಿಗೆಯನ್ನಲ್ಲ. ಬಿಸಿಲಲ್ಲಿ ಕೂಲಿ ಮಾಡುತ್ತಾ ತಾನೇ ಹೊಲಿದುಕೊಂಡ ಕಾಂಚಳಿಯನ್ನು ತೊಟ್ಟ ಮುದುಕಿಯಲ್ಲಿ ಗರ್ವ ಹೆಚ್ಚೋ, ಅಂಗಡಿಯಲ್ಲಿ ಸಾವಿರಾರು ರೂಪಾಯಿ ತೆತ್ತ ಸೀರೆಯುಟ್ಟು ಸಭೆಯ ಮುಂದಿನ ಸಾಲಿನಲ್ಲಿ ಕುಳಿತವಳಲ್ಲಿ ಹೆಚ್ಚೋ? ಹೃದಯಗಳನ್ನು ಅಳೆಯುವದು ನಮ್ಮ ಕೆಲಸವಲ್ಲ. ಬಟ್ಟೆಯನ್ನು ನೋಡಿ ಹೃದಯವನ್ನು ಅಳೆಯುವದಂತೂ ಯಾರ ಕೆಲಸವೂ ಅಲ್ಲ.

ಹಾಗಾದರೆ ಕಲೆಯೆಂದರೆ ಏನು? ನಾವು ಪಂಡಿತರಲ್ಲ, ನಮ್ಮ ತಿಳುವಳಿಕೆಗೆ ತೋರಿದ್ದನ್ನು ಹೇಳುತ್ತೇವೆ. ಅವಶ್ಯಕತೆಯು ಎಲ್ಲಿ ಸುಮ್ಮನಾಗುವದೋ ಅಲ್ಲಿಂದ ಮುಂದಕ್ಕೂ ಕೈಯು ಆಲೋಚಿಸುತ್ತಾ ಹೋದರೆ, ತಾನು ಮಾಡಿದ್ದು ಸರಿಯಲ್ಲವೆಂದು ಕಂಡಾಗ ಯಾರ ಬಲವಂತವೂ ಇಲ್ಲದೆ ಬಿಚ್ಚಿ ಮತ್ತೆ ಮಾಡಿದರೆ, ಅಲ್ಲಿ ಕಲೆಯುಂಟು. ಧಾರವಾಡದ ಕಡೆಯ ಕಸೂತಿಯನ್ನು ಕಂಡವರು ಇದನ್ನು ಬೇಗನೆ ಒಪ್ಪುವರು. ಅದರಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳುಂಟು. ಬಟ್ಟೆಯ ಮೇಲೆ ಮೊದಲು ಗೆರೆ ಎಳೆದುಕೊಳ್ಳುವದಿಲ್ಲ. ಎಳೆಗಳನ್ನು ಎಣಿಸುತ್ತಾ ತೇರು, ಗೋಪುರ, ಆನೆ, ತೊಟ್ಟಿಲುಗಳನ್ನು ಎಬ್ಬಿಸುವರು. ದಾರಕ್ಕೆ ಗಂಟು ಹಾಕುವದಿಲ್ಲ. ಗವಂತಿ ಮುರ್ಗಿಗಳಲ್ಲಿ ಹೋದ ಸೂಜಿಯು ಅದೇ ದಾರಿಯಲ್ಲಿ ಮರಳಿ ಬಂದು ಬಿಟ್ಟ ಸ್ಥಳಗಳನ್ನು ತುಂಬುವದರಿಂದ ಬಟ್ಟೆಯ ಬೆನ್ನೂ ಮುಖವೂ ಒಂದೇ ರೂಪವಾಗಿರುವವು. ಸೀರೆಯ ಒಳಮಗ್ಗುಲನ್ನು ಯಾರು ನೋಡುವರು? ಆದರೂ ಅದು ಹಾಗಿರಬೇಕು.

ಇದರ ಅರ್ಥ, ಎಲ್ಲಾ ಕೌದಿಯೂ ಕಲೆಯೆಂದಲ್ಲ. ಕೈಗೆ ಸಿಕ್ಕಿದ ತುಂಡನ್ನು ಸಿಕ್ಕಿದ ಹಾಗೆ ಹೊಲಿದ ಕೌದಿಗಳೂ ನಮ್ಮ ಮನೆಗಳಲ್ಲಿವೆ. ಅವು ಬೆಚ್ಚಗಿವೆ, ಅಷ್ಟೇ ಸಾಕು. ಬಡವರು ಮಾಡಿದ್ದೆಲ್ಲಾ ಸುಂದರವೆಂದು ಹೊಗಳುವದು ಬಡವರಿಗೆ ಮಾಡುವ ಮರ್ಯಾದೆಯಲ್ಲ, ಅವರನ್ನು ಮಕ್ಕಳೆಂದೆಣಿಸುವ ಒಂದು ವಿಧ. ಹಾಗೆಯೇ ಕಾಣಿಕೆಯು ಅಂಗೀಕಾರವಾಗಬೇಕಾದರೆ ಅದು ಕಲೆಯಾಗಿರಲೇಬೇಕೆಂಬದೂ ಇಲ್ಲ. ಎರಡು ಕಾಸು ಹಾಕಿದ ವಿಧವೆಯ ನಾಣ್ಯಗಳು ಚಂದವಾಗಿದ್ದವೋ ಇಲ್ಲವೋ ಕರ್ತನು ವಿಚಾರಿಸಲಿಲ್ಲ. ಆದಕಾರಣ ನಾವು ಆ ದಿನ ಮಾಡಿದ ತಪ್ಪು ಒಂದಲ್ಲ, ಎರಡು. ಕಲೆಯಾದದ್ದನ್ನು ಕಲೆಯೆಂದು ಗುರುತಿಸಲಿಲ್ಲ. ಕಲೆಯಲ್ಲವೆಂದು ತಿಳಿದೇ ವಿಧವೆಯ ಕಾಣಿಕೆಯನ್ನು ಪಕ್ಕಕ್ಕೆ ಇಟ್ಟೆವು. ಎರಡನೆಯದು ಹೆಚ್ಚಿನದು. (ನಾವು ತರಿಸಿದ ಸಾಟಿನ್ ಬಟ್ಟೆಯಾದರೋ ಮೇಜಿನ ಮೇಲೆ ನಿಲ್ಲದೆ ಪ್ರಾರ್ಥನೆಯ ನಡುವೆಯೇ ಜಾರುತ್ತದೆ, ಅದನ್ನು ಒಬ್ಬರು ಹಿಡಿದುಕೊಂಡಿರಬೇಕಾಗಿದೆ.)

ನಮ್ಮ ಕರ್ನಾಟಕದಲ್ಲಿಯೇ ಕೌದಿಯು ದೂರದೇಶದವರ ಕಣ್ಣಿಗೆ ಬಿದ್ದದ್ದುಂಟು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ಯಲ್ಲಾಪುರಗಳ ಕಾಡುಸೀಮೆಯಲ್ಲಿ ಸಿದ್ದಿ ಜನರಿರುವರು. ಅವರ ಪೂರ್ವಿಕರು ಆಫ್ರಿಕದವರು. ಅವರಲ್ಲಿ ಅನೇಕರನ್ನು ಪೋರ್ತುಗೀಜರು ಗುಲಾಮರನ್ನಾಗಿ ಗೋವೆಗೆ ತಂದರು. ಸಿದ್ದಿ ಸ್ತ್ರೀಯರ ಕೌದಿಯೂ ಅಂಚಿನಿಂದ ಹೊರಟು ಸುತ್ತುತ್ತಾ ನಡುವಿಗೆ ಬರುವದು. ನಾಲ್ಕು ಮೂಲೆಗಳಿಗೆ ಹೂವೆಂದು ಕರೆಯುವ ಮಡಿಚಿದ ಸಣ್ಣ ತುಂಡುಗಳನ್ನು ಹಚ್ಚುವರು. ಆ ಹೂವಿಲ್ಲದ ಕೌದಿಯು ಬೆತ್ತಲೆಯೆಂದು ಅವರ ಮಾತು. ಅವರಲ್ಲಿ ಕ್ರೈಸ್ತರಾದವರು ಕೆಲವು ಸಾರಿ ಶಿಲುಬೆಯ ಆಕಾರದ ತುಂಡುಗಳನ್ನೂ ಸೇರಿಸುವರು. ಹೆನ್ರಿ ಡ್ರೂವಲ್ ಎಂಬ ಅಮೇರಿಕದ ವಿದ್ವಾಂಸನು ಇವುಗಳನ್ನು ಕಂಡು ಬೆರಗಾಗಿ, ತನ್ನ ದೇಶದಲ್ಲಿ ಪ್ರದರ್ಶನಕ್ಕೆ ಇಡಿಸಿದನು.

ಅಮೇರಿಕದಲ್ಲಿ ಆ ಕೌದಿಗಳನ್ನು ನೋಡಿದವರಿಗೆ ತಮ್ಮ ದೇಶದಲ್ಲಿಯೇ ಹಿಂದೆ ಇದ್ದ ಒಬ್ಬ ಸ್ತ್ರೀಯ ನೆನಪು ಬಂದಿದ್ದರೆ ಆಶ್ಚರ್ಯವಲ್ಲ. ಆಕೆಯ ಕಥೆಯನ್ನು ನಮ್ಮ ಎಲ್ಲಾ ಸಭೆಗಳ ಸ್ತ್ರೀಯರೂ ತಿಳಿಯಬೇಕೆಂದು ನಮ್ಮ ಅಪೇಕ್ಷೆ. ಹ್ಯಾರಿಯೆಟ್ ಪವರ್ಸ್ ಎಂಬ ಈಕೆಯು ೧೮೩೭ರಲ್ಲಿ ಜಾರ್ಜಿಯಾ ಸೀಮೆಯಲ್ಲಿ ಗುಲಾಮಳಾಗಿ ಹುಟ್ಟಿದಳು. ಗುಲಾಮತನವು ತೀರಿದ ಮೇಲೆ ಗಂಡನ ಜೊತೆಯಲ್ಲಿ ಸ್ವಲ್ಪ ಹೊಲವನ್ನು ಮಾಡಿಕೊಂಡು ಬದುಕಿದಳು. ಸತ್ಯವೇದದ ಕಥೆಗಳನ್ನು ಬಟ್ಟೆಯ ತುಂಡುಗಳಿಂದ ಕತ್ತರಿಸಿ ಕೂಡ್ರಿಸಿ ೧೧ ಚೌಕಗಳುಳ್ಳ ಒಂದು ಕೌದಿಯನ್ನು ಮಾಡಿದಳು. ಏದೆನ್ ತೋಟ, ಕಾಯಿನನು ತಮ್ಮನನ್ನು ಕೊಂದದ್ದು, ಯಾಕೋಬನ ಕನಸಿನ ಏಣಿ, ಯೇಸುವಿನ ಸ್ನಾನದೀಕ್ಷೆ, ಮೂವತ್ತು ಬೆಳ್ಳಿ ನಾಣ್ಯಗಳ ಜೊತೆಗೆ ಯೂದನು, ಶಿಲುಬೆ, ಕಡೆಯ ಭೋಜನ, ಹೀಗೆ. ೧೮೮೬ರಲ್ಲಿ ಆಥೆನ್ಸ್ ಎಂಬ ಊರಿನ ಹತ್ತಿಯ ಜಾತ್ರೆಯಲ್ಲಿ ಅದನ್ನು ಇಟ್ಟಿದ್ದಾಗ ಜೆನ್ನಿ ಸ್ಮಿತ್ ಎಂಬ ಚಿತ್ರಕಲೆಯ ಶಿಕ್ಷಕಿಯು ಕಂಡು, ಕೊಳ್ಳಬೇಕೆಂದು ಕೇಳಿದಳು. ಯಾವ ಬೆಲೆಗೂ ಕೊಡುವದಿಲ್ಲವೆಂದು ಹ್ಯಾರಿಯೆಟ್ ಹೇಳಿದಳು.

ಕೆಲವು ವರುಷಗಳಲ್ಲಿ ಬಡತನವು ಬಂದು ಬಾಗಿಲು ತಟ್ಟಿತು. ೧೮೯೧ರ ಸುಮಾರಿಗೆ ಕೌದಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಾನೇ ಆ ಶಿಕ್ಷಕಿಯ ಮನೆಗೆ ಬಂದಳು. ಹತ್ತು ಡಾಲರು ಕೇಳಿದಳು. ಐದೇ ಕೊಡಲಾಪೆನೆಂದು ಉತ್ತರ ಬಂದಿತು. ಗಂಡನು ಕೊಟ್ಟುಬಿಡೆಂದನು. ಐದು ಡಾಲರಿಗೆ ಕೊಟ್ಟಳು. ಕೊಡುವ ಮುಂಚೆ ಒಂದೊಂದು ಚೌಕದ ಅರ್ಥವನ್ನೂ ವಿವರಿಸಿದಳು, ಶಿಕ್ಷಕಿಯು ಬರೆದಿಟ್ಟುಕೊಂಡಳು. ಆ ತರುವಾಯ ತನ್ನ ಕೌದಿಯನ್ನು ನೋಡುವದಕ್ಕೋಸ್ಕರ ಅನೇಕ ಸಾರಿ ಆ ಮನೆಗೆ ಬರುತ್ತಿದ್ದಳಂತೆ. ೧೯೧೦ರಲ್ಲಿ ತೀರಿಕೊಂಡಳು. ಇಂದು ಆ ಕೌದಿಯು ವಾಷಿಂಗ್ಟನ್ ನಗರದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ; ಆಕೆಯ ಇನ್ನೊಂದು ಕೌದಿಯು ಬಾಸ್ಟನ್ನಿನ ಕಲಾಸಂಗ್ರಹಾಲಯದಲ್ಲಿದೆ. ಲೋಕದ ವಿದ್ವಾಂಸರು ಅವುಗಳ ಮುಂದೆ ನಿಂತು ಇದು ಮಹಾಕಲೆಯೆನ್ನುವರು.

ಸರಿ, ಕಲೆಯೆಂದಾಯಿತು. ಹೆಸರು ಬಂದ ಮೇಲೆ ನ್ಯಾಯವು ಪೂರ್ತಿಯಾಯಿತೋ? ಸ್ವಂತ ಕೌದಿಯನ್ನು ಪರರ ಮನೆಯಲ್ಲಿ ನೋಡಿಬರುವದಕ್ಕೆ ನಡೆದುಹೋಗುವ ಆ ತಾಯಿಯನ್ನು ನೆನೆದರೆ ಹಾಗೆಂದು ಹೇಳಲಾರೆವು. ಕಲೆಯೆಂದು ಹೊಗಳಿ ಕೂಲಿಯನ್ನು ಮಾತ್ರ ಚಿಂದಿಯ ಲೆಕ್ಕದಲ್ಲಿ ಕೊಡುವವರು ಎಲ್ಲಾ ಕಾಲದಲ್ಲಿಯೂ ಇದ್ದಾರೆ. ಸೊಂಡೂರಿನ ಲಂಬಾಣಿ ಸ್ತ್ರೀಯರ ಕಸೂತಿಗೆ ಸರಕಾರದ ಭೌಗೋಳಿಕ ಗುರುತು ದೊರೆತಿದೆ. ೨೦೨೩ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ-೨೦ ದೇಶಗಳವರು ಕೂಡಿದಾಗ ೪೫೦ಕ್ಕೂ ಹೆಚ್ಚು ಮಂದಿ ಲಂಬಾಣಿ ಸ್ತ್ರೀಯರು ಹೊಲಿದ ೧೭೫೫ ಕಸೂತಿಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆಯನ್ನು ಮಾಡಿದರು. ಸಂತೋಷವೇ. ೧೭೫೫ ಎಂಬ ಅಂಕಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಒಬ್ಬಳು ಒಂದು ದಿನಕ್ಕೆ ಎಷ್ಟು ಗಳಿಸುವಳೆಂದು ಕೇಳಬೇಕೆಂದು ನಮಗೆ ಆಗ ತೋಚಲೇ ಇಲ್ಲ. ನಮ್ಮ ಮಿಶನ್ನಿನವರೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು. ಹೊಲಿಗೆಯ ತರಗತಿಗಳನ್ನು ತೆರೆದು ವಿಧವೆಯರಿಗೂ ಅನಾಥೆಯರಿಗೂ ಸೂಜಿಯನ್ನು ಕೊಟ್ಟದ್ದು ದೊಡ್ಡ ಉಪಕಾರ. ಅನೇಕರ ಹೊಟ್ಟೆ ಅದರಿಂದ ತುಂಬಿತು. ಆದರೆ ದೊರೆಸಾನಿಯರು ಕೊಟ್ಟ ಮಾದರಿಯಂತೆ ಲೇಸು ಹೆಣೆದವಳು ಜಾಣೆಯೆನಿಸಿದಳು, ತನ್ನ ತಾಯಿಯಿಂದ ಕಲಿತ ಹೊಲಿಗೆಯನ್ನು ಹಾಕಿದವಳಿಗೆ ಯಾರೂ ಬಹುಮಾನ ಕೊಡಲಿಲ್ಲ. ನಮ್ಮ ಕಣ್ಣುಗಳಿಗೆ ಪೇಟೆಯ ಸಾಟಿನ್ ಚಂದವಾಗಿ ಕಾಣುವದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಚಿಂದಿಯ ವಿಷಯವಾಗಿ ಒಂದು ಮಾತನ್ನು ಆಡದೆ ಬಿಡಲಾರೆವು. ನಿಜಾಮಶಾಹಿಯ ಕಾಲದಲ್ಲಿ ನಮ್ಮ ಅಜ್ಜಿಯರಿಗೆ ಆ ಹಳೆಯ ಬಟ್ಟೆಗಳು ಎಲ್ಲಿಂದ ಬರುತ್ತಿದ್ದವು? ಬಹುಪಾಲು ದೊಡ್ಡವರ ಮನೆಗಳಿಂದ. ವರುಷವೆಲ್ಲಾ ಅಂಗಳ ಬಳಿದು ಕೊಟ್ಟಿಗೆ ಗುಡಿಸಿದ್ದಕ್ಕೆ ಉಟ್ಟುಬಿಟ್ಟ ಸೀರೆಯೇ ಉಡುಗೊರೆ. ಅದನ್ನೂ ಕೈಗೆ ಕೊಡದೆ ದೂರದಿಂದ ಹಾಕುತ್ತಿದ್ದರು. ಆದಕಾರಣ ಯಾರಾದರೂ ಕೌದಿಯನ್ನು ನೋಡಿ, ಬಡತನವು ಎಷ್ಟು ಸುಂದರವೆಂದು ನಿಟ್ಟುಸಿರು ಬಿಟ್ಟರೆ ನಮಗೆ ಸಿಟ್ಟು ಬರುವದು. ಬಡತನವು ಸುಂದರವಲ್ಲ. ದೂರದಿಂದ ಎಸೆದ ಸೀರೆಯು ಎಸೆದವರ ಮನಸ್ಸಿನಲ್ಲಿ ಕಸವಾಗಿತ್ತು. ಆ ಅಜ್ಜಿಯರು ಅದನ್ನು ಒಗೆದು, ಸವೆದದ್ದನ್ನು ತೆಗೆದು ಗಟ್ಟಿಯಾದದ್ದನ್ನು ಕತ್ತರಿಸಿ, ಒಡತಿಯ ಸೆರಗು ಎಲ್ಲಿ, ತಮ್ಮ ಕುಬಸ ಎಲ್ಲಿ ಎಂದು ಗುರುತು ಸಿಗದ ಹಾಗೆ ಒಂದರ ಪಕ್ಕಕ್ಕೆ ಒಂದನ್ನು ಇಟ್ಟು ಹೊಲಿದರು. ಯಾವ ತುಂಡು ಎಲ್ಲಿ ಕೂಡ್ರಬೇಕೆಂದು ತಾವೇ ನಿರ್ಣಯಿಸಿದರು. ಊರಿನಲ್ಲಿ ತಾವು ಎಲ್ಲಿ ಕೂಡ್ರಬೇಕೆಂಬದನ್ನು ಸಹ ಬೇರೆಯವರು ನಿರ್ಣಯಿಸುತ್ತಿದ್ದ ಕಾಲದಲ್ಲಿ ಅವರ ಕೈಯಲ್ಲಿದ್ದ ನಿರ್ಣಯವು ಇದೊಂದೇ ಆಗಿದ್ದಿರಬಹುದು.

ಯೊಪ್ಪದಲ್ಲಿ ದೊರ್ಕಳೆಂಬ ಶಿಷ್ಯಳು ಸತ್ತಾಗ ವಿಧವೆಯರು ಪೇತ್ರನ ಸುತ್ತಲೂ ಅಳುತ್ತಾ ನಿಂತು, ಆಕೆಯು ಹೊಲಿದ ಅಂಗಿಗಳನ್ನೂ ವಸ್ತ್ರಗಳನ್ನೂ ತೋರಿಸಿದರೆಂದು ಅಪೊಸ್ತಲರ ಕೃತ್ಯಗಳ ೯ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆಕೆಯ ಬಾಯಿಂದ ಬಂದ ಒಂದು ಮಾತೂ ಅಲ್ಲಿ ಬರೆದಿಲ್ಲ. ಆಕೆಯು ಎಂಥವಳೆಂದು ಹೇಳುವದಕ್ಕೆ ಬಟ್ಟೆಗಳೇ ಇದ್ದವು. ಪೇತ್ರನು ಅವುಗಳನ್ನು ನೋಡಿದನು.

ಕಳೆದ ತಿಂಗಳು ನಾವು ಆ ಮುದುಕಿಯ ಮನೆಗೆ ಹೋಗಿ, ತಪ್ಪಾಯಿತು ಆಯಿ, ಮುಂದಿನ ಕರ್ತನ ಭೋಜನ ಸಂಸ್ಕಾರಕ್ಕೆ ನಿಮ್ಮ ಕೌದಿಯನ್ನೇ ಮೇಜಿಗೆ ಹಾಸುವೆವು ಎಂದು ಹೇಳಿದೆವು. ಆಕೆಯು ಸೊಪ್ಪು ಸೋಸುತ್ತಾ ಕುಳಿತಿದ್ದಳು. ಅದರ ಮ್ಯಾಲ ಈಗ ಮಕ್ಕಳು ಕೂಡ್ರತಾವಲ್ಲಾ ಯಪ್ಪಾ, ಅವರ ಬುಡದಿಂದ ಎಳಕೊಂಡು ತರತೀರೇನು, ಎಂದು ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ. ಅದು ಅಲ್ಲೇ ಇರಲಿ, ಮೇಜಿಗೆ ಬ್ಯಾರೆ ಹೊಲಿತೀನಿ, ಮನ್ಯಾಗ ಹಳೇ ಅರಿವಿ ಇದ್ದರ ಕೊಡ್ರಿ, ಎಂದಳು.

ಮರುದಿನ ನಮ್ಮ ತೀರಿಹೋದ ತಾಯಿಯ ಒಂದು ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಒಯ್ದುಕೊಟ್ಟೆವು. ಆಕೆಯು ಅದನ್ನು ಬಾಗಿಲಿನ ಬೆಳಕಿಗೆ ಹಿಡಿದು ಒಳಮೈಯನ್ನೂ ಹೊರಮೈಯನ್ನೂ ತಿರುಗಿಸಿ ನೋಡಿ, ನಡು ಸವೆದಿದೆ, ದಡಿಯು ಇನ್ನೂ ಗಟ್ಟಿಯಾಗಿದೆ ಎಂದು ಹೇಳಿ, ಕತ್ತರಿಯನ್ನು ತರುವದಕ್ಕೆ ಒಳಗೆ ಹೋದಳು.